ಡಾಲ್ಫಿನ್ (ಸಿಪಾನಿ ಕಾರು)

ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಹೊರತಂದ ಎರಡು ಬಾಗಿಲಿನ ಪುಟ್ಟ ಕಾರು. ಮೂಲ ಮಾದರಿ ಬ್ರಿಟನ್ನಿನ ರಿಲಯಂಟ್ ಕಿಟನ್.

ಡಾಲ್ಫಿನ್‌ನಂತೆ ಕಾರುಗಳಿಗೆ ಕಡಲಜೀವಿಗಳ ಹೆಸರಿಡುವ ಖಯಾಲಿಯನ್ನು ಬೆಳೆಸಿದ್ದು ಅಮೆರಿಕದ ಸ್ಪೋರ್ಟ್ಸ್ ಕಾರುಗಳು. ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಬಿಲ್ ಮಿಚೆಲ್, 1961ರ ಮಾಕೊ ಶಾರ್ಕ್ ಮಾದರಿಗೆ ಶಾರ್ಕ್‌ನಂತೆಯೇ ಚೂಪು ಮೂತಿ ಕೊಡಿಸಿ, ಬೆನ್ನಿಗೆ ಕಡುನೀಲಿ, ಕೆಳಗಿಳಿದಂತೆ ಬಿಳಿಗೆ ತಿರುಗುವ ಬಣ್ಣ ಹೊಡೆಸಿದರು. ಅದೇ ಕಂಪನಿಯ 1963ರ ಕಾರ್ವೆಟ್ ಸ್ಟಿಂಗ್ ರೇ ಪಡೆದದ್ದು ತೊರಕೆ ಮೀನಿನ ಹೆಸರನ್ನು. ಮರುವರ್ಷ ಪ್ಲಿಮತ್ ಬರಾಕುಡಾ ಬಂತು.

ಸಿಪಾನಿಯ ಡಾಲ್ಫಿನ್‌ನಲ್ಲಿ ಕಡಲಜೀವಿಯ ಬಳುಕು ಹುಡುಕಿದರೂ ಸಿಗದು; ಪೆಟ್ಟಿಗೆಯಂಥ ಮೈಕಟ್ಟು. ಕಾರ್ವೆಟ್‌ಗೂ ಇದಕ್ಕೂ ಇರುವ ನಿಜವಾದ ನಂಟು ಫೈಬರ್‌ಗ್ಲಾಸ್ ಮೈ. 848 ಸಿಸಿಯ ಸಣ್ಣ ಎಂಜಿನ್ ಇದ್ದರೂ ತೂಕ ಕಡಿಮೆಯಾದ್ದರಿಂದ ರ‍್ಯಾಲಿ, ರೇಸುಗಳಲ್ಲಿ ಹೆಸರು ಮಾಡಿತು. 1983ರ ಡಿಸೆಂಬರಿನಲ್ಲಿ ಇದಕ್ಕೆ ಪೈಪೋಟಿಯಾಗಿ ಮಾರುತಿ 800 ರಸ್ತೆಗಿಳಿಯಿತು. ಸಿಪಾನಿ ಮುಂದೆ ನಾಲ್ಕು ಬಾಗಿಲಿನ ಮಾಂಟಾನಾ ತಯಾರಿಸಿತು.