ಅವ್ವನ ಬಿಲ್ವಾರ ಮತ್ತ ಇಂಜಿನ್ನಿನ ಮಸಿ

ಅಪ್ಪನ ಅಂಬಾಸಿಡರ್ ಏರು ಹತ್ತೂವಾಗ ಕಟಕಟ ಅಂತಿತ್ರೀ. ಒಳಗ ಮಸಿ ಕಟ್ಟಿರತಿತ್ತು. ಮೇಸ್ತ್ರಿ ಹೆಡ್ ಬಿಚ್ಚಿ, ಪಿಸ್ಟನ್ ಮ್ಯಾಲಿಂದೆಲ್ಲಾ ಕೆರದು ತಗೀತಿದ್ದ. ಎರಡು ದಿನದ ಕೆಲಸ. ಒಮ್ಮೆ ಅದಕ್ಕಂತನ ಅವ್ವ ಬಿಲ್ವಾರ ಅಡವಿಟ್ಟಳು.

ಮುಂದ ಪೆಟ್ರೋಲಿನೊಳಗನ ಮಸಿ ತೊಳಿಯೋ ಔಷಧ ಬಂತು. ಅಮೆರಿಕಾದಾಗ 1995ರಿಂದ ಅದನ್ನ ಬೆರಸೂದು ಕಡ್ಡಾಯ ಆತು. ಈಗ ಬಾಟ್ಲಿಯೊಳಗೂ ಸಿಗತದ; ಟ್ಯಾಂಕಿಗೆ ಸುರುವಿದ್ರ ಇಂಜೆಕ್ಟರ್ ಸ್ವಚ್ಛ ಆಗತಾವ.

ಆದ್ರ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮೋ ಹೊಸಾ ಗಾಡ್ಯಾಗ, ಗಾಳಿ ಒಳಗ ಬಿಡೋ ವಾಲ್ವಿಗೆ ಅದು ಮುಟ್ಟೂದಿಲ್ಲ. ತಳ ಹತ್ತಿದ ಹಾಲಿನ ಬೋಗೋಣಿ ಹೊರಗಷ್ಟ ತೊಳದಂಗ! ಅಲ್ಲಿ ಇವತ್ತಿಗೂ ಬಹಳ ಸಲ ಬಿಚ್ಚೇ ತಗೀಬೇಕಾಗತದ. ಬಾಟ್ಲಿ ಕೊಳ್ಳೂ ಮೊದಲ ನಿಮ್ಮದು ಯಾವ ಇಂಜಿನ್ ಅಂತ ಕೇಳ್ರೆವಾ.

ಅವ್ವನ ಬಿಲ್ವಾರ ಮಾತ್ರ ತಿರುಗಿ ಬರಲೇ ಇಲ್ಲ.