ನುಡಿನಾ, ಬರಹನಾ? ಕೋಪೈಲಟಾ, ಕರ್ಸರಾ?

ಶಿವಮೊಗ್ಗದ ಆಲ್ಕೊಳ ಸರ್ಕಲ್‌ನಲ್ಲಿ ಇಂಜಿನಿಯರಿಂಗ್ ಓದೋ ಹುಡುಗ ಹುಡುಗಿಯರನ್ನ ಮಾತಾಡಿಸಿ ನೋಡಿ. ಕೋಡ್ ಬರೆಯೋಕೆ ಕೋಪೈಲಟ್ ಒಳ್ಳೇದಾ, ಕರ್ಸರ್ ಒಳ್ಳೇದಾ, ಕ್ಲಾಡ್ ಕೋಡ್ ಒಳ್ಳೇದಾ ಅನ್ನೋದೇ ಚರ್ಚೆ. ಚಂದಾ ಡಾಲರ್ ಲೆಕ್ಕದಲ್ಲಿ, ದುಡ್ಡು ಅಪ್ಪನ ಜೇಬಿಂದ. ಹಾಗಾಗಿ ಇದು ಮನೆಮಂದಿಯೆಲ್ಲ ಕೇಳಬೇಕಾದ ಪ್ರಶ್ನೆ.

ಕನ್ನಡಿಗರಿಗೆ ಈ ಪೇಚಾಟ ಹೊಸದಲ್ಲ ಸ್ವಾಮಿ. 1990ರ ದಶಕದ ಡಿಟಿಪಿ ಅಂಗಡಿಗಳನ್ನ ನೆನಪು ಮಾಡ್ಕೊಳ್ಳಿ. ಕಂಪನಿಗೊಂದು ಕನ್ನಡ ತಂತ್ರಾಂಶ, ಒಂದೊಂದಕ್ಕೂ ಅದರದ್ದೇ ಅಕ್ಷರ ಸಂಕೇತ. ಒಂದರಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ! ತಂತ್ರಾಂಶ ಬದಲಿಸಿದರೆ ಹಳೇ ಫೈಲು ಕೈಬಿಟ್ಟ ಹಾಗೇ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಸರ್ಕಾರಿ ಕಚೇರಿಗಳಿಗೆ ಹೋಯಿತು. ಕುಪ್ಪಳಿಯ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರೂ ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದರು. ಯಾವುದು ಮೇಲು ಅಂತ ವರ್ಷಗಟ್ಟಲೆ ವಾದ ನಡೀತು.

ಕೊನೆಗೆ ಉಳಿದದ್ದೇನು? ಒಂದು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ತಂತ್ರಾಂಶ ಯಾವುದೇ ಇರಲಿ, ಕಲಿತ ಬೆರಳಿಗೆ ಕೆಲಸ ಸಿಗ್ತಿತ್ತು. ಇನ್ನೊಂದು, ಯೂನಿಕೋಡ್. ಅದರಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ನಮ್ಮ ಮೇಜಿಗೆ ಬರೋಕೆ ವರ್ಷಗಳೇ ಬೇಕಾದವು. ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಆದಮೇಲೆ ನಾವು ಬರೆದದ್ದು ಎಲ್ಲಿ ಬೇಕಾದರೂ ತೆರೆಯಿತು.

ಕೋಡ್ ಬರೆಯೋ ಲೋಕಕ್ಕೂ ಈ ಪೆಟ್ಟು ಬಿದ್ದಿದೆ. ಲಿನಕ್ಸ್ ಕಟ್ಟುವವರು ತಮ್ಮ ಕೋಡ್‌ನ ಲೆಕ್ಕ ಇಡೋಕೆ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ನೆಚ್ಚಿಕೊಂಡಿದ್ದರು. 2005ರಲ್ಲಿ ಅವರಿಗೆ ಅದರ ಉಚಿತ ಬಳಕೆ ನಿಂತುಹೋಯಿತು. ಲಿನಸ್ ಟೊರ್ವಾಲ್ಡ್ಸ್ ತಾವೇ ಕೂತು 'ಗಿಟ್' ಬರೆಯಬೇಕಾಯಿತು. ಇವತ್ತು ಜಗತ್ತೇ ಅದನ್ನ ಬಳಸ್ತಿದೆ.

ಈಗ ಎಐ ಸಹಾಯಕರ ವಿಷಯಕ್ಕೆ ಬನ್ನಿ. ಕೋಪೈಲಟ್ ಪ್ರಯೋಗಕ್ಕೆ ಬಂದದ್ದು 2021ರಲ್ಲಿ, ಕ್ಲಾಡ್ ಕೋಡ್ 2025ರಲ್ಲಿ. ನಾಲ್ಕೇ ವರ್ಷದಲ್ಲಿ ಪಟ್ಟಿಯೇ ಬದಲಾಗಿದೆ. ಹಾಗಿರುವಾಗ ಇದೇ ಶ್ರೇಷ್ಠ ಅಂತ ಯಾರಾದರೂ ಆಣೆ ಮಾಡಿ ಹೇಳಿದರೆ ನಂಬಬೇಡಿ.

ನಾನು ಹೇಳೋದು ಇಷ್ಟೇ. ನೀವು ಈಗಾಗಲೇ ಬಿಡಿಸಿರೋ ಒಂದು ಸಮಸ್ಯೆಯನ್ನ ಎರಡು ಸಹಾಯಕರಿಗೆ ಕೊಡಿ. ಯಾವುದು ಎಲ್ಲಿ ಎಡವಿತು ಅನ್ನೋದು ನಿಮಗೇ ಕಾಣುತ್ತೆ. ಚಂದಾ ತಿಂಗಳಿಗೆ ಮಾತ್ರ ಕಟ್ಟಿ. ಅದನ್ನ ನಿಲ್ಲಿಸಿದ ದಿನವೂ ನಿಮ್ಮ ಕೋಡ್ ನಿಮ್ಮ ಹತ್ತಿರ ಇರುತ್ತಾ, ಇನ್ನೊಂದು ಕಡೆ ಓಡುತ್ತಾ, ಮೊದಲೇ ನೋಡ್ಕೊಳ್ಳಿ. ಅದು ಬರೆದುಕೊಟ್ಟ ಪ್ರತಿ ಸಾಲನ್ನೂ ಓದಿ ಅರ್ಥ ಮಾಡ್ಕೊಳ್ಳಿ. ಯಾಕಂದ್ರೆ ಕೆಲಸದ ಸಂದರ್ಶನದಲ್ಲಿ "ಈ ಸಾಲು ಯಾಕೆ ಬರೆದೆ?" ಅಂತ ಕೇಳೋದು ನಿಮ್ಮನ್ನ, ಕೋಪೈಲಟ್‌ನ ಅಲ್ಲ.