ಚಿಕ್ಕಮಗಳೂರಿನಲ್ಲಿ ಹಳೆಯ ಮನೆ ಮಾರುವ ಮುನ್ನ: ಮಗಳ ಪಾಲು, ಮನೆಯ ಚೈತ್ಯಾಲಯ ಮತ್ತು ಬಾವಿ

ಸಖರಾಯಪಟ್ಟಣದ ಅರಸನೊಬ್ಬ ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಪಕ್ಕದ ಹಿರೇಮಗಳೂರು ಎಂದು ಐತಿಹ್ಯ. ಊರಿನ ಹೆಸರಲ್ಲೇ ಮಗಳ ಪಾಲು ಇದೆ. ಆದರೆ ಇದೇ ಊರಿನಲ್ಲಿ ಸಮಾಜ ಬಾಂಧವರ ಹಳೆಯ ಮನೆಯೊಂದು ಮಾರಾಟಕ್ಕೆ ಬಂದರೆ, ಬೆಲೆ ಕುದುರಿ ಮುಂಗಡ ಕೈಸೇರಿದ ಮೇಲೂ ವ್ಯವಹಾರ ಸಿಕ್ಕಿಕೊಳ್ಳುವುದು ಮಗಳ ಪಾಲಿನ ಹತ್ತಿರವೇ. ಎರಡನೆಯ ತೊಡಕು ದೇವರ ಕೋಣೆಯದು. ಇವೆರಡನ್ನೂ ಮುಂಗಡ ಪಡೆಯುವ ಮೊದಲೇ ಇತ್ಯರ್ಥ ಮಾಡಿಕೊಂಡವರಿಗೆ ಉಳಿದದ್ದು ಬರೀ ಕಾಗದದ ಓಡಾಟ. ಮಾರುವ, ಕೊಳ್ಳುವ ಕುಟುಂಬಗಳಿಬ್ಬರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿದೆ.

ಈ ಸೀಮೆಯಲ್ಲಿ ಜೈನರ ನೆಲೆ ಹಳೆಯದು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು; ಸಳನಿಗೆ ಹುಲಿಯನ್ನು ಹೊಡೆಯೆಂದ ಸುದತ್ತ ಮುನಿಗಳ ಕಥೆ ನಡೆಯುವುದು ಅಲ್ಲೇ, ಅಲ್ಲಿನ ಬಸದಿಗಳು ಇಂದಿಗೂ ನಿಂತಿವೆ. ಹೊಂಬುಜದ ಸಾಂತರರ ಒಂದು ಶಾಖೆ ಕಳಸದಲ್ಲಿ ನೆಲೆಯೂರಿ ಮುಂದೆ ಘಟ್ಟ ಇಳಿದು ಕಾರ್ಕಳಕ್ಕೆ ಹೋಯಿತು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ಮನೆತನದವನು. ಶೃಂಗೇರಿಯ ಪೇಟೆಯ ನಡುವೆ ಪಾರ್ಶ್ವನಾಥ ಬಸದಿ ಇದೆ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿ ಮತ್ತು ಮಠ ಇದೆ. ಕಾಫಿ ಬಂದ ಮೇಲೆ ಘಟ್ಟದ ಕೆಳಗಿನಿಂದ ಹತ್ತಿ ಬಂದ ಕುಟುಂಬಗಳು, ವ್ಯಾಪಾರಕ್ಕೆಂದು ರಾಜಸ್ಥಾನ, ಗುಜರಾತಿನಿಂದ ಬಂದ ಶ್ವೇತಾಂಬರ ಕುಟುಂಬಗಳು ಇದಕ್ಕೆ ಸೇರಿಕೊಂಡವು. ತೋಟದವರು ಮಕ್ಕಳ ಓದಿಗೆಂದು ಪೇಟೆಯಲ್ಲೊಂದು ಮನೆ ಮಾಡಿದರು. ಆ ಮಕ್ಕಳು ಈಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ, ಇಲ್ಲವೇ ಬೀಗ. ಇಂಥ ಮನೆಗಳೇ ಇಂದು ಮಾರಾಟಕ್ಕೆ ಬರುತ್ತಿರುವುದು.

ಖಾತೆ ಇದ್ದವನೇ ಒಡೆಯನಲ್ಲ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಸವನಹಳ್ಳಿಯ ಕಡೆ ತಂದೆ 1978ರಲ್ಲಿ ಸ್ವಂತ ದುಡಿಮೆಯ ಹಣದಿಂದ ಮನೆ ಕೊಂಡರು. 2003ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಉಳಿದರು. ಹಿರಿಯ ಮಗ ನಗರಸಭೆಯಲ್ಲಿ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಇಪ್ಪತ್ತು ವರ್ಷ ಕಂದಾಯ ಕಟ್ಟಿದರು. ಈಗ ಅವರು ಮನೆ ಮಾರಬೇಕು. ಊರಿನವರೆಲ್ಲ ಅದನ್ನು ಅವರ ಮನೆ ಎಂದೇ ಕರೆಯುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅವರಿಗಿರುವುದು ಐದರಲ್ಲಿ ಒಂದು ಪಾಲು. ತಾಯಿಯೂ ಉಯಿಲು ಮಾಡದೆ ತೀರಿಕೊಂಡಿದ್ದರೆ ನಾಲ್ಕರಲ್ಲಿ ಒಂದು. ಖಾತೆ ಎಂಬುದು ಕಂದಾಯ ಯಾರಿಂದ ವಸೂಲು ಮಾಡಬೇಕೆಂಬ ದಾಖಲೆ. ಅದು ಒಡೆತನವನ್ನು ಹುಟ್ಟಿಸುವುದಿಲ್ಲ, ಅಕ್ಕತಂಗಿಯರ ಪಾಲನ್ನು ಅಳಿಸುವುದೂ ಇಲ್ಲ.

'ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರ ಮೇಲೆ, ನಮ್ಮ ತಂದೆ ಹೋದದ್ದು ಅದಕ್ಕೂ ಮೊದಲು' ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ, ಉಯಿಲು ಇಲ್ಲದಿದ್ದರೆ, ಮಗಳಿಗೆ ಮಗನ ಸಮನಾದ ಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. 2005ರ ಸೆಪ್ಟೆಂಬರ್ 9ರ ತಿದ್ದುಪಡಿ ಕೊಟ್ಟದ್ದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು. ಕರ್ನಾಟಕ ಅದಕ್ಕೂ ಮೊದಲೇ, 1994ರ ಜುಲೈ 30ರಿಂದ, ಈ ಹಕ್ಕು ಕೊಟ್ಟಿತ್ತು. ಆದರೆ ಆ ದಿನಕ್ಕೆ ಮದುವೆಯಾಗಿಹೋಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಇಲ್ಲ. 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವೂ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ವಾಸದ ಮನೆಯ ಬಗ್ಗೆ ಇನ್ನೊಂದು ಹಳೆಯ ನಿಯಮ ಜನರ ಮನಸ್ಸಿನಲ್ಲಿ ಇನ್ನೂ ಕೂತಿದೆ. ಕುಟುಂಬದವರು ವಾಸವಿರುವ ಮನೆಯನ್ನು ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಿಭಾಗ ಕೇಳುವಂತಿಲ್ಲ ಎಂದು ಅದೇ ಕಾಯ್ದೆಯ 23ನೇ ಕಲಮು ಹೇಳುತ್ತಿತ್ತು. 2005ರಲ್ಲಿ ಆ ಕಲಮನ್ನೇ ತೆಗೆದುಹಾಕಲಾಯಿತು. ಉಳಿದುಕೊಂಡ 22ನೇ ಕಲಮು ಮನೆ ಮಾರುವವರಿಗಿಂತ ಉಳಿಸಿಕೊಳ್ಳಬೇಕೆಂಬವರಿಗೆ ಹೆಚ್ಚು ಉಪಯುಕ್ತ: ಒಟ್ಟಿಗೆ ಬಂದ ವಾರಸು ಆಸ್ತಿಯಲ್ಲಿ ಒಬ್ಬ ವಾರಸುದಾರರು ತಮ್ಮ ಪಾಲು ಮಾರಲು ಹೊರಟರೆ, ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗೆ ಇದೆ. ತವರುಮನೆ ಹೊರಗಿನವರ ಪಾಲಾಗಬಾರದೆನ್ನುವ ತಂಗಿ ಅಣ್ಣನ ಪಾಲನ್ನು ತಾನೇ ಕೊಳ್ಳಬಹುದು. ಇದನ್ನು ತಿಳಿದವರು ಬಹಳ ಕಡಿಮೆ.

2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನಮಾನ ದೊರೆತ ಮೇಲೆ ನಮಗೆ ಬೇರೆ ಕಾನೂನು ಎಂದು ತಿಳಿದವರೂ ಇದ್ದಾರೆ. ಹಾಗಿಲ್ಲ. ಉತ್ತರಾಧಿಕಾರದ ಮಟ್ಟಿಗೆ ಜೈನರಿಗೆ 1956ರ ಕಾಯ್ದೆಯೇ ಅನ್ವಯ. ಅದರ ಎರಡನೇ ಕಲಮಿನಲ್ಲಿ ಜೈನರ ಹೆಸರೇ ಇದೆ.

ಘಟ್ಟದ ಕೆಳಗಿನಿಂದ ಬಂದ ಮನೆತನಗಳಲ್ಲಿ ಅಳಿಯಸಂತಾನದ ನೆನಪು ಗಟ್ಟಿಯಾಗಿದೆ. ಅಲ್ಲಿ ಆಸ್ತಿ ತಾಯಿಯ ಕವರಿನಲ್ಲಿ ಹರಿಯುತ್ತಿತ್ತು. ದಕ್ಷಿಣ ಕನ್ನಡಕ್ಕೆ ಸಂಬಂಧಿಸಿದ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದದ್ದು 1949ರಲ್ಲಿ. ಕವರಿನ ಆಸ್ತಿಯಲ್ಲಿ ಒಬ್ಬರಿಗಿದ್ದ ಹಿತಾಸಕ್ತಿಯೂ 1956ರ ನಂತರ ಉತ್ತರಾಧಿಕಾರ ಕಾಯ್ದೆಯ 7ನೇ ಕಲಮಿನಂತೆ ಇಳಿಯುತ್ತದೆ. ಕಾರ್ಕಳ, ಮೂಡುಬಿದಿರೆ ಕಡೆಯ ಕವರಿನ ಹಣದಿಂದ ಚಿಕ್ಕಮಗಳೂರಿನಲ್ಲಿ ಮನೆ ಕೊಂಡಿದ್ದರೆ ವಂಶವೃಕ್ಷವನ್ನು ತಂದೆಯಿಂದಲ್ಲ, ಅಜ್ಜಿಯಿಂದ ಬರೆಯಬೇಕಾಗಬಹುದು. ಅಂಥ ಪತ್ರಗಳನ್ನು ಕರಾವಳಿಯ ವ್ಯವಹಾರ ಬಲ್ಲ ವಕೀಲರಿಗೇ ತೋರಿಸಬೇಕು. ಮಲೆನಾಡಿನ ಕಚೇರಿಯಲ್ಲಿ ಕವರು ಎಂದರೆ ಅಂಚೆಯದು ಎಂದುಕೊಳ್ಳುವವರೂ ಸಿಕ್ಕಾರು!

ಅಕ್ಕತಂಗಿಯರು ತಮ್ಮ ಪಾಲು ಬೇಡವೆಂದರೆ ಅದು ಬಾಯಿಮಾತಿನಲ್ಲಿ ಉಳಿಯಬಾರದು. ಛಾಪಾ ಕಾಗದದ ಮೇಲೆ ಸಹಿ ಹಾಕಿ ಪೆಟ್ಟಿಗೆಯಲ್ಲಿಟ್ಟರೂ ಸಾಲದು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲೇಬೇಕು. ಬೇಕೆಂದರೆ ಕ್ರಯಪತ್ರದಲ್ಲಿ ಅವರೂ ಮಾರಾಟಗಾರರಾಗಿ ಸಹಿ ಹಾಕಿ, ಹಣ ಅವರವರ ಖಾತೆಗೆ ನೇರವಾಗಿ ಹೋಗಲಿ. ಎರಡನೆಯ ದಾರಿಯೇ ಲೇಸೆಂದು ನಮ್ಮ ಅಭಿಪ್ರಾಯ. ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ ಎಂಬ ಲೆಕ್ಕ ನೋಂದಣಿ ಕಚೇರಿಯಲ್ಲಿ ನಡೆಯುವುದಿಲ್ಲ. ಸಹಿಯ ದಿನ ಬಂದ ತಂಗಿಯ ಮುಖದಲ್ಲೂ ನಡೆದಂತೆ ಕಾಣುವುದಿಲ್ಲ. ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಬಹುದು. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಕಟ್ಟಿಸಬೇಕು.

ಕಾಗದ ಮತ್ತು ಖರ್ಚು

2011ರ ಜನಗಣತಿಯಂತೆ ರಾಜ್ಯದಲ್ಲಿ ಜೈನರು ಸುಮಾರು 4.4 ಲಕ್ಷ. ಎಲ್ಲರಿಗೂ ಎಲ್ಲರೂ ಎಲ್ಲೋ ಒಂದು ಕಡೆ ನೆಂಟರು. ಆದ್ದರಿಂದಲೇ 'ನಮ್ಮವರೇ ಅಲ್ಲವೇ' ಎಂದು ಮೂಲಪತ್ರ ನೋಡದೆ ಮುಂಗಡ ಕೊಡುವುದು, ಕರಾರು ಬರೆಯದೆ ಕೀಲಿಕೈ ಕೊಡುವುದು ನಡೆಯುತ್ತದೆ. ಮನೆ ನಮ್ಮವರಿಗೇ ಸಿಗಲಿ ಎಂಬ ಆಸೆ ಸರಿಯೇ. ಆದರೆ ಕಾಗದ ಹೊರಗಿನವರಿಗೆ ಕೊಡುವಷ್ಟೇ ಬಿಗಿಯಾಗಿರಲಿ. ನೆಂಟಸ್ತನ ಕೆಟ್ಟ ಮೇಲೆ ಬಸದಿಯಲ್ಲಿ ಪ್ರತಿ ದಿನ ಎದುರುಬದುರಾಗುವವರು ಇವರೇ.

ನೋಡಬೇಕಾದವು ಮೂಲಪತ್ರ, ವಂಶವೃಕ್ಷ, ಕಂದಾಯ ರಸೀದಿ, ಇ-ಖಾತಾ, ಋಣಭಾರ ಪತ್ರ. ನಗರಸಭೆ ವ್ಯಾಪ್ತಿಯ ಸ್ವತ್ತಿಗೆ ಇ-ಖಾತಾ ಇಲ್ಲದೆ 2024ರ ಅಕ್ಟೋಬರ್ ನಂತರ ನೋಂದಣಿ ಆಗುವುದಿಲ್ಲ. ಹಳೆಯ ಮನೆಗಳಲ್ಲಿ ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುವುದರಿಂದ ಇದಕ್ಕೇ ತಿಂಗಳುಗಳು ಹಿಡಿಯಬಹುದು, ಮೊದಲೇ ಶುರುಮಾಡಿ. ಊರಂಚಿನ ಹೊಸ ಬಡಾವಣೆಯ ಮನೆಯಾದರೆ ಎ ಖಾತಾ ಯಾವುದು, ಬಿ ಖಾತಾ ಯಾವುದು ಕೇಳಿ; ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ ನೋಡಿ. ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರ ಸಾಮಾನ್ಯವಾಗಿ 2004ರಿಂದ ಈಚಿನದು. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲೇ ಹುಡುಕಿಸಬೇಕು. ನೋಂದಣಿಯಾಗದ ವಿಭಾಗವಾಗಲಿ, ಸಾವಿನಿಂದ ಬಂದ ಪಾಲಾಗಲಿ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. 'ಇ.ಸಿ. ಶುದ್ಧವಿದೆ' ಎಂದಷ್ಟಕ್ಕೆ ಸಮಾಧಾನಪಡಬೇಡಿ.

ಕೊಳ್ಳುವವರ ಖರ್ಚು: 60 ಲಕ್ಷ ರೂಪಾಯಿಯ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ ಶೇ. 10 ಉಪಕರ 30 ಸಾವಿರ, ನಗರ ಪ್ರದೇಶದ ಅಧಿಭಾರ ಶೇ. 2 ಎಂದು 6 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ, ಅದು 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ. ಕ್ರಯದ ಮೊತ್ತಕ್ಕಿಂತ ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ. 1 ತೆರಿಗೆ ಕಡಿತ ಮಾಡಿ ಕಟ್ಟಬೇಕು. ಅಣ್ಣತಮ್ಮ ಅಕ್ಕತಂಗಿಯರು ನಾಲ್ವರು ಮಾರುತ್ತಿದ್ದು ಒಬ್ಬೊಬ್ಬರ ಪಾಲು 15 ಲಕ್ಷವೇ ಆದರೂ, 2024ರ ಅಕ್ಟೋಬರ್‌ನಿಂದ ನೋಡುವುದು ಒಟ್ಟು ಬೆಲೆಯನ್ನು. ಮಾರುವವರಲ್ಲಿ ಒಬ್ಬರು ಅನಿವಾಸಿ ಭಾರತೀಯರಾಗಿದ್ದರೆ ಅವರ ಪಾಲಿನ ಕಡಿತದ ದರವೇ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿ.

ತೋಟದೊಳಗಿನ ಮನೆ ಇದಾವುದಕ್ಕೂ ಸೇರದು. ಮೂಡಿಗೆರೆ, ಕಳಸದ ಕಡೆ ಕಾಫಿ ತೋಟದ ಬಂಗಲೆಗೆ ಬಹುಪಾಲು ಪ್ರತ್ಯೇಕ ಖಾತೆ ಇರುವುದಿಲ್ಲ, ಅದು ಪಹಣಿಯ ಜಮೀನಿನ ಭಾಗ. ಮನೆಯಷ್ಟೇ ಕೊಡುವುದಾದರೆ 11ಇ ನಕ್ಷೆ ಬೇಕು. ಮನೆ ನಿಂತ ಜಾಗ ಒತ್ತುವರಿಯದೇ ಎಂದು ಸರ್ವೆಯಲ್ಲೇ ಖಚಿತಪಡಿಸಿಕೊಳ್ಳಿ. ಒತ್ತುವರಿ ಜಾಗ ಸರ್ಕಾರದಿಂದ ಗುತ್ತಿಗೆಗೆ ಸಿಕ್ಕಿದ್ದರೂ ಗುತ್ತಿಗೆ ಗುತ್ತಿಗೆಯೇ, ಒಡೆತನವಲ್ಲ.

ದೇವರ ಕೋಣೆ

ಹಳೆಯ ಮನೆತನಗಳಲ್ಲಿ ಮನೆಯೊಳಗೇ ಚೈತ್ಯಾಲಯ ಇರುತ್ತದೆ. ಮೇಜಿನಷ್ಟು ಎತ್ತರದ ಮರದ ಮಂಟಪ, ಅದರೊಳಗೆ ಗೇಣುದ್ದದ ಪಾರ್ಶ್ವನಾಥ, ಚೌವೀಸಿ, ಪದ್ಮಾವತಿ ಅಮ್ಮನವರು. ಪ್ರತಿಷ್ಠೆಯಾದ ಜಿನಬಿಂಬಕ್ಕೆ ನಿತ್ಯ ಅಭಿಷೇಕ, ಪೂಜೆ ನಡೆಯಬೇಕು. ಮನೆಯ ಮಾರಾಟ ನಿಶ್ಚಯವಾದ ಮೇಲೆ, ಸಾಮಾನು ಸಾಗಿಸುವ ಲಾರಿ ಬಾಗಿಲಲ್ಲಿ ನಿಂತಾಗ ಇದರ ಯೋಚನೆ ಬರುವುದು ನಮ್ಮ ದೊಡ್ಡ ತಪ್ಪು. ಪೂಜೆ ನಡೆಸಬಲ್ಲ ಮಗ ಅಥವಾ ಮಗಳ ಮನೆಗೆ ಬಿಂಬ ಹೋಗಬಹುದು. ಯಾರಿಗೂ ಆಗದಿದ್ದರೆ ನಿತ್ಯಪೂಜೆ ಇರುವ ಬಸದಿಗೆ ಒಪ್ಪಿಸಬೇಕು. ಒಪ್ಪಿಸುವ ಮೊದಲು ಬಸದಿಯ ಆಡಳಿತದವರನ್ನೂ ಇಂದ್ರರನ್ನೂ ಕೇಳಿ, ವಿಧಿ ಹೇಗೆಂದು ಮಠದಲ್ಲಿ ತಿಳಿದುಕೊಳ್ಳಿ. ಹೇಳದೆ ಕೇಳದೆ ಬಸದಿಯ ಜಗಲಿಯಲ್ಲಿಟ್ಟು ಬರುವುದಲ್ಲ. ಎಷ್ಟು ಬಿಂಬ, ಯಾವ ಲೋಹ, ಎತ್ತರ ಎಷ್ಟು, ಪೀಠದ ಬರಹ ಏನು ಎಂದು ಪಟ್ಟಿ ಮಾಡಿ, ಫೋಟೋ ತೆಗೆದು, ಎರಡೂ ಕಡೆಯವರ ಸಹಿ ಹಾಕಿಸಿಟ್ಟುಕೊಳ್ಳಿ.

ಇಲ್ಲೂ ಒಂದು ಕಾನೂನಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ಮೀರಿದ ಲೋಹದ ಅಥವಾ ಶಿಲೆಯ ಮೂರ್ತಿ ಪ್ರಾಚ್ಯವಸ್ತು. ಅದನ್ನು ನೋಂದಾಯಿಸಿರಬೇಕು, ಕೈಬದಲಾದರೆ ತಿಳಿಸಬೇಕು. ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದ ಮಗ ಅಜ್ಜನ ಪಾರ್ಶ್ವನಾಥನನ್ನು ಸೂಟ್‌ಕೇಸಿನಲ್ಲಿಟ್ಟು ಹೊರಟರೆ ಅದು ಭಕ್ತಿಯಿಂದ ಮಾಡಿದ್ದೇ ಆದರೂ ಅಪರಾಧ. ಅಟ್ಟದಲ್ಲಿ ತಾಳೆಗರಿ ಕಟ್ಟುಗಳು ಸಿಕ್ಕರೆ ಹಳೆಯ ಕಾಗದದ ಜೊತೆ ಗುಜರಿಗೆ ಹಾಕಬೇಡಿ. ಮೂಡುಬಿದಿರೆಯ ರಮಾರಾಣಿ ಶೋಧ ಸಂಸ್ಥಾನದಲ್ಲಿ, ಶ್ರವಣಬೆಳಗೊಳದ ಪ್ರಾಕೃತ ಸಂಶೋಧನಾ ಸಂಸ್ಥೆಯಲ್ಲಿ ಅವುಗಳನ್ನು ಓದಬಲ್ಲವರಿದ್ದಾರೆ.

ಹಿರಿಯರು ಚೈತ್ಯಾಲಯಕ್ಕೆಂದು ದತ್ತಿಪತ್ರವನ್ನೋ ಟ್ರಸ್ಟನ್ನೋ ಮಾಡಿದ್ದರೆ ಆ ಭಾಗ ಮನೆಯ ಜೊತೆ ಮಾರಾಟಕ್ಕೆ ಬರುವುದಿಲ್ಲ. ಹಿತ್ತಲಲ್ಲಿ ನಾಗಬನ ಇದ್ದರೆ ವರ್ಷಕ್ಕೊಮ್ಮೆ ಬಂದು ಪೂಜೆ ಸಲ್ಲಿಸಲು ದಾರಿಯ ಹಕ್ಕನ್ನು ಕ್ರಯಪತ್ರದಲ್ಲೇ ಬರೆಸಿಕೊಳ್ಳಬಹುದು.

ಕೊಳ್ಳುವ ನಮ್ಮವರು ಮೊದಲು ಕೇಳುವುದು ಬಸದಿ ಎಷ್ಟು ದೂರ ಎಂದು. ನಿತ್ಯದರ್ಶನ ಇಟ್ಟುಕೊಂಡ ಹಿರಿಯರಿಗೆ ಮಳೆಗಾಲದ ಚಿಕ್ಕಮಗಳೂರಿನಲ್ಲಿ ಒಂದು ಕಿಲೋಮೀಟರೂ ಹೆಚ್ಚೇ. ಎರಡನೆಯದು ಬಾವಿ. ಮುನಿಸಂಘ ಊರಿಗೆ ಬಂದಾಗ ಆಹಾರದಾನ ಮಾಡುವ ಮನೆಗೆ ನಲ್ಲಿ ನೀರು ಒದಗುವುದಿಲ್ಲ. ಬಾವಿಯಿಂದ ಸೇದಿ, ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮರಳಿಸಿದ ನೀರೇ ಬೇಕು. ಮಾರುವ ಮುನ್ನ ಮನೆ ಚೆಂದ ಕಾಣಲೆಂದು ಬಾವಿಯನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುವವರು ಇದ್ದಾರೆ. ಕೊಳ್ಳುವವರು ಜೈನರಾಗಿರಬಹುದು ಎನ್ನುವುದಾದರೆ ಆ ಕೆಲಸ ಮಾಡಬೇಡಿ. ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿ, ಹೂಳು ತೆಗೆಸಿ, ಜಾಹೀರಾತಿನಲ್ಲಿ 'ಸೇದುವ ಬಾವಿ ಇದೆ' ಎಂದೇ ಬರೆಯಿರಿ.